ನಿಂತ ಕಾರಿನ ಬ್ರೇಕ್: ಬಿಡಿಭಾಗ ಕೊಳ್ಳುವ ಮೊದಲು ನಿಪ್ಪಲ್ ಬಿಚ್ಚಿ ನೋಡಿ

ಪ್ರಶ್ನೆ: ನಾನು ಮಸ್ಕತ್‌ನಲ್ಲಿ ಕೆಲಸದಲ್ಲಿದ್ದೇನೆ. ಊರು ಕುಂದಾಪುರದ ಹತ್ತಿರ, ಮನೆಯಿಂದ ಸಮುದ್ರಕ್ಕೆ ಎರಡು ಕಿಲೋಮೀಟರ್. ಹನ್ನೊಂದು ವರ್ಷ ಹಳೆಯ ನಮ್ಮ ಚಿಕ್ಕ ಪೆಟ್ರೋಲ್ ಕಾರು ಹದಿನಾಲ್ಕು ತಿಂಗಳು ಶೆಡ್ಡಿನಲ್ಲೇ ನಿಂತಿತ್ತು. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ ಇಲ್ಲ. ಹ್ಯಾಂಡ್ ಬ್ರೇಕ್ ಎಳೆದೇ ಹೋಗಿದ್ದೆ. ಈಗ ಬಂದು ನೋಡಿದರೆ ಹಿಂದಿನ ಎಡಚಕ್ರ ತಿರುಗಲೇ ಇಲ್ಲ. ಪಕ್ಕದ ಮನೆಯ ಡ್ರೈವರ್ ಗಾಡಿಯನ್ನು ಹಿಂದೆ ಮುಂದೆ ಜಗ್ಗಿಸಿದಾಗ ‘ಟಪ್’ ಎಂದು ಸದ್ದಾಗಿ ಬಿಟ್ಟುಕೊಂಡಿತು. ಪೇಟೆಯವರೆಗೆ ಓಡಿಸಿದೆ. ಮೊದಲ ಸಲ ಒತ್ತಿದರೆ ಪೆಡಲ್ ಹೆಚ್ಚುಕಡಿಮೆ ತಳಕ್ಕೆ ಹೋಗುತ್ತದೆ, ತಕ್ಷಣ ಇನ್ನೊಮ್ಮೆ ಒತ್ತಿದರೆ ಮೇಲೆಯೇ ಹಿಡಿಯುತ್ತದೆ. ಬ್ರೇಕ್ ಹಾಕಿದಾಗ ಕಾರು ಎಡಕ್ಕೆ ಎಳೆಯುತ್ತದೆ. ಇಳಿದು ನೋಡಿದರೆ ಬಿಸಿಯಾಗಿ ವಾಸನೆ ಬರುತ್ತಿದ್ದದ್ದು ಮಾತ್ರ ಮುಂದಿನ ಬಲಚಕ್ರದಿಂದ. ಬ್ರೇಕ್ ಆಯಿಲ್ ಡಬ್ಬಿ ತುಂಬಿದೆ. ಗ್ಯಾರೇಜಿನಲ್ಲಿ ಮಾಸ್ಟರ್ ಸಿಲಿಂಡರ್ (ಪೆಡಲಿನ ಒತ್ತನ್ನು ಆಯಿಲಿನ ಒತ್ತಡವಾಗಿಸುವ ಭಾಗ) ಮತ್ತು ಮುಂದಿನ ಎಡಗಡೆಯ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಎರಡನ್ನೂ ಬದಲಿಸಬೇಕು ಎಂದಿದ್ದಾರೆ. ಹತ್ತು ದಿನಗಳಲ್ಲಿ ಮನೆಯವರನ್ನು ಕರೆದುಕೊಂಡು ಆಗುಂಬೆ ಘಾಟಿಯ ಮೂಲಕ ತೀರ್ಥಹಳ್ಳಿಗೆ ಹೋಗಿಬರುವುದಿದೆ. ಏನು ಮಾಡಲಿ?

ಉತ್ತರ: ಮೊದಲು ಆ ಕಾರನ್ನು ಓಡಿಸುವುದನ್ನು ನಿಲ್ಲಿಸಿ. ಗ್ಯಾರೇಜಿನವರೆಗೂ ಬೇಡ. ಮೆಕ್ಯಾನಿಕ್‌ರನ್ನೇ ಮನೆಗೆ ಕರೆಸಿ, ಇಲ್ಲವಾದರೆ ಗಾಡಿಯನ್ನು ಲಾರಿಯ ಮೇಲೆ ಹೇರಿಸಿ ಕಳುಹಿಸಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಳವಳಕ್ಕೆ ಹಚ್ಚಿದ್ದು ಪೆಡಲ್ ಅಲ್ಲ, ಬಿಸಿಯಾದ ಚಕ್ರವೂ ಅಲ್ಲ, ಆ ‘ಟಪ್’ ಸದ್ದು.

ಹ್ಯಾಂಡ್ ಬ್ರೇಕ್ ಎಳೆದಾಗ ಹಿಂದಿನ ಡ್ರಮ್ಮಿನೊಳಗೆ ಎರಡು ಬ್ರೇಕ್ ಶೂಗಳು ಅಗಲಗೊಂಡು ಡ್ರಮ್ಮಿನ ಒಳಗೋಡೆಗೆ ಒತ್ತಿಕೊಳ್ಳುತ್ತವೆ. ಡ್ರಮ್ ಎರಕದ ಕಬ್ಬಿಣ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ, ಗಾಳಿಯಲ್ಲಿ ಉಪ್ಪು ಬೆರೆತ ನಿಮ್ಮ ಕರಾವಳಿಯಲ್ಲಿ ಆ ಸಂದಿಗೆ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು. ತುಕ್ಕು ಎಂದರೆ ಕಬ್ಬಿಣ ಕರಗಿ ಹೋಗುವುದಷ್ಟೇ ಅಲ್ಲ. ಅದು ಉಬ್ಬುತ್ತದೆ, ಶೂ ಮೇಲೆ ಅಂಟಿಸಿರುವ ಉಜ್ಜುವ ಪದರದ, ಅಂದರೆ ಲೈನಿಂಗಿನ, ಸಣ್ಣ ರಂಧ್ರಗಳೊಳಗೆ ಹೊಕ್ಕು ಡ್ರಮ್ಮನ್ನೂ ಲೈನಿಂಗನ್ನೂ ಅಂಟಿಸಿಬಿಡುತ್ತದೆ. ಜಗ್ಗಿಸಿದಾಗ ಆ ಅಂಟು ಎಲ್ಲಿ ಕಿತ್ತಿತು ಎಂಬುದೇ ಈಗಿನ ಪ್ರಶ್ನೆ. ಲೈನಿಂಗ್ ಮತ್ತು ಡ್ರಮ್ಮಿನ ನಡುವೆ ಕಿತ್ತಿದ್ದರೆ ಒಳ್ಳೆಯದು, ಚಿಂತೆ ಇಲ್ಲ. ಲೈನಿಂಗ್ ಮತ್ತು ಶೂವಿನ ನಡುವೆ ಕಿತ್ತಿದ್ದರೆ ಲೈನಿಂಗಿನ ಬಿಲ್ಲೆ ಈಗ ಡ್ರಮ್ಮಿಗೆ ಅಂಟಿಕೊಂಡು ತಿರುಗುತ್ತಿದೆ, ಇಲ್ಲವೇ ಒಳಗೆ ಸಡಿಲವಾಗಿ ಬಿದ್ದಿದೆ. ಅದು ಶೂವಿನ ಅಂಚಿಗೆ ಅಡ್ಡ ಸಿಕ್ಕಿಕೊಂಡರೆ ಓಡುತ್ತಿರುವಾಗಲೇ ಹಿಂಚಕ್ರ ಕಚ್ಚಿ ನಿಲ್ಲುತ್ತದೆ. ಹೊರಗಿನಿಂದ ಇದನ್ನು ತಿಳಿಯುವ ದಾರಿಯಿಲ್ಲ. ಡ್ರಮ್ ತೆಗೆದೇ ನೋಡಬೇಕು.

ಇನ್ನು ನಿಮ್ಮನ್ನು ಗೊಂದಲಕ್ಕೆ ಹಾಕಿರುವ ವಿಷಯಕ್ಕೆ ಬರುತ್ತೇನೆ: ಎಳೆಯುವುದು ಎಡಕ್ಕೆ, ಬಿಸಿಯಾಗುವುದು ಬಲ. ಇವೆರಡೂ ಒಂದನ್ನೊಂದು ಅಲ್ಲಗಳೆಯುತ್ತಿಲ್ಲ, ಎರಡೂ ಒಂದೇ ಚಕ್ರದತ್ತ ಬೆರಳು ತೋರಿಸುತ್ತಿವೆ. ಬ್ರೇಕ್ ಒತ್ತಿದಾಗ ಕಾರು ಎಳೆಯುವುದು ಚೆನ್ನಾಗಿ ಹಿಡಿಯುತ್ತಿರುವ ಚಕ್ರದ ಕಡೆಗೆ. ಎಡಕ್ಕೆ ಎಳೆಯುತ್ತಿದೆ ಎಂದರೆ ಎಡಚಕ್ರ ತನ್ನ ಕೆಲಸ ಮಾಡುತ್ತಿದೆ, ಬಲಚಕ್ರ ಮಾಡುತ್ತಿಲ್ಲ. ಎಳೆಯುವ ಕಡೆಯ ಕ್ಯಾಲಿಪರನ್ನೇ ಬದಲಿಸುವುದು ಬಹಳ ಗ್ಯಾರೇಜುಗಳಲ್ಲಿ ನಡೆಯುವ ತಪ್ಪು. ಸರಿಯಿರುವುದನ್ನು ತೆಗೆದೆಸೆದು ಹೊಸದು ಹಾಕಿದ ಮೇಲೆ ಎಳೆತ ಮೊದಲಿಗಿಂತ ಹೆಚ್ಚಾಗುವುದೂ ಉಂಟು. ಹಾಗಾಗಿ ಎಡ ಕ್ಯಾಲಿಪರ್ ಬದಲಿಸುವ ಮಾತನ್ನು ಸದ್ಯಕ್ಕೆ ಕೈಬಿಡಿ.

ಹಾಗಾದರೆ ಕೆಲಸವನ್ನೇ ಮಾಡದ ಬಲಚಕ್ರ ಬಿಸಿಯಾಗುವುದೇಕೆ? ಬ್ರೇಕ್‌ಗೆ ಎರಡು ಕೆಲಸಗಳಿವೆ: ಒತ್ತುವುದು ಮತ್ತು ಬಿಡುವುದು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಒಂದೇ ದೋಷ ಎರಡನ್ನೂ ಕೆಡಿಸಬಲ್ಲದು. ಕ್ಯಾಲಿಪರಿನೊಳಗಿನ ಪಿಸ್ಟನ್ ತುಕ್ಕಿನಿಂದ ಬಿಗಿದುಕೊಂಡಿದ್ದರೆ ನೀವು ಒತ್ತಿದಾಗ ಅದು ಪೂರ್ತಿ ಬಲ ಕೊಡುವುದಿಲ್ಲ, ಕಾಲು ತೆಗೆದಾಗ ಹಿಂದಕ್ಕೂ ಸರಿಯುವುದಿಲ್ಲ. ಪ್ಯಾಡ್ ಸದಾ ಡಿಸ್ಕಿಗೆ ತಾಗಿಕೊಂಡೇ ಇರುತ್ತದೆ. ಪೇಟೆಗೆ ಹೋದ ದಿನ ಬ್ರೇಕ್ ಹಾಕದೆ ನೇರ ರಸ್ತೆಯಲ್ಲಿ ಸಾಗುವಾಗ ಸ್ಟೀರಿಂಗ್ ಕೊಂಚ ಬಲಕ್ಕೆ ಜಗ್ಗುತ್ತಿತ್ತೇ, ನೆನಪಿಸಿಕೊಳ್ಳಿ. ಜಗ್ಗುತ್ತಿತ್ತು ಎಂದಾದರೆ ಮೇಲಿನ ಊಹೆ ಇನ್ನಷ್ಟು ಗಟ್ಟಿಯಾಗುತ್ತದೆ. ಅದಕ್ಕೂ ಮೊದಲು ಟೈರುಗಳ ಗಾಳಿ ನೋಡಿ. ನಿಂತ ಗಾಡಿಯ ಟೈರುಗಳಲ್ಲಿ ಒಂದೊಂದರ ಗಾಳಿ ಒಂದೊಂದು ಮಟ್ಟಕ್ಕೆ ಇಳಿದಿರುತ್ತದೆ, ಅದರಿಂದಲೂ ಎಳೆತ ಬರುತ್ತದೆ.

ಬಲ ಮುಂಚಕ್ರಕ್ಕೆ ನನ್ನ ಲೆಕ್ಕದಲ್ಲಿ ಮೂವರು ಶಂಕಿತರು. ಒಂದು, ಪಿಸ್ಟನ್ ಅಥವಾ ಕ್ಯಾಲಿಪರ್ ಜಾರುವ ಪಿನ್‌ಗಳು ಬಿಗಿದಿರುವುದು. ಎರಡು, ಆ ಚಕ್ರಕ್ಕೆ ಹೋಗುವ ರಬ್ಬರ್ ಹೋಸ್ ಒಳಗಿನಿಂದ ಉಬ್ಬಿರುವುದು. ಹೊರಗೆ ನೋಡಿದರೆ ಹೊಸದರಂತೆಯೇ ಇರುತ್ತದೆ, ಒಳಗಿನ ರಂಧ್ರ ಸೂಜಿಯಷ್ಟಾಗಿರುತ್ತದೆ. ಕಾಲಿನ ಬಲಕ್ಕೆ ಆಯಿಲ್ ಹೇಗೋ ನುಗ್ಗಿ ಮುಂದೆ ಹೋಗುತ್ತದೆ, ಆದರೆ ಹಿಂತಿರುಗಿಸುವ ಬಲ ಅತ್ಯಲ್ಪವಾದ್ದರಿಂದ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೂರು, ಮಾಸ್ಟರ್ ಸಿಲಿಂಡರ್. ಪೆಡಲ್ ಬಿಟ್ಟಾಗ ಆಯಿಲ್ ಡಬ್ಬಿಗೆ ಮರಳಬೇಕಾದ ಸಣ್ಣ ರಂಧ್ರವೊಂದು ಅದರಲ್ಲಿದೆ. ಹಳೆಯ ಆಯಿಲಿನ ಗಸಿ ಅದನ್ನು ಮುಚ್ಚಿದರೆ ಒತ್ತಡ ಬಿಡುಗಡೆಯಾಗುವುದೇ ಇಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಮುಂಚಕ್ರ ಚಾಲನೆಯ ಚಿಕ್ಕ ಕಾರುಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಪೈಪುಗಳನ್ನು ಅಡ್ಡಡ್ಡ ಜೋಡಿಸಿರುತ್ತಾರೆ: ಮುಂದಿನ ಬಲ ಹಾಗೂ ಹಿಂದಿನ ಎಡ ಒಂದು ಜೋಡಿ, ಮುಂದಿನ ಎಡ ಹಾಗೂ ಹಿಂದಿನ ಬಲ ಇನ್ನೊಂದು. ನಿಮ್ಮಲ್ಲಿ ತೊಂದರೆ ಕೊಟ್ಟ ಎರಡು ಚಕ್ರಗಳು ಒಂದೇ ಜೋಡಿಯವು. ಹಿಂದಿನದು ಹ್ಯಾಂಡ್ ಬ್ರೇಕಿನಿಂದಲೇ ಅಂಟಿರಬೇಕು ಎಂದು ನನಗೆ ಅನಿಸುತ್ತದೆ. ಆದರೂ ಗ್ಯಾರೇಜಿನವರು ಮಾಸ್ಟರ್ ಸಿಲಿಂಡರ್ ಹೆಸರು ಹೇಳಿದ್ದನ್ನು ಪರೀಕ್ಷಿಸದೆ ತಳ್ಳಿಹಾಕುವಂತಿಲ್ಲ.

ಈ ಮೂರನ್ನೂ ಬೇರ್ಪಡಿಸಲು ಬೇಕಾದದ್ದು ಒಂದು ರಿಂಗ್ ಸ್ಪಾನರ್ ಮತ್ತು ಸ್ವಲ್ಪ ತಾಳ್ಮೆ. ಹಿಂದಿನ ದಿನವೇ ಕ್ಯಾಲಿಪರಿನ ಏರ್ ತೆಗೆಯುವ ನಿಪ್ಪಲಿನ ಬುಡಕ್ಕೆ ತುಕ್ಕು ಸಡಿಲಿಸುವ ಸ್ಪ್ರೇ ಹೊಡೆದಿಡಿ. ಒಣ ತುಕ್ಕಿನ ಮೇಲೆ ನೇರ ಬಲ ಹಾಕಿದರೆ ನಿಪ್ಪಲ್ ತುಂಡಾಗುತ್ತದೆ, ಆಗ ನಿಜವಾಗಿಯೂ ಕ್ಯಾಲಿಪರ್ ಕೊಳ್ಳಬೇಕಾಗುತ್ತದೆ. ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಎತ್ತದ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಕಲ್ಲು ಅಥವಾ ಮರದ ತುಂಡು ಕೊಡಿ. ಹ್ಯಾಂಡ್ ಬ್ರೇಕ್ ನಂಬುವ ಸ್ಥಿತಿಯಲ್ಲಿಲ್ಲ. ಮಣ್ಣಿನ ಅಂಗಳವಾದರೆ ಜ್ಯಾಕಿನ ಕೆಳಗೆ ದಪ್ಪ ಹಲಗೆ ಹಾಕಿ, ಎತ್ತಿದ ಮೇಲೆ ಸ್ಟ್ಯಾಂಡ್ ಕೊಡಿ. ಬರೀ ಜ್ಯಾಕ್ ಮೇಲಿರುವ ಗಾಡಿಯ ಅಡಿಗೆ ಕೈಯನ್ನೂ ಚಾಚಬೇಡಿ.

ಈಗ ಬಲ ಮುಂಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಪ್ಯಾಡ್ ಮೆಲ್ಲನೆ ಸವರುವ ಸದ್ದು ಬಂದರೆ ಸಹಜ. ಒಬ್ಬರು ಒಳಗೆ ಕುಳಿತು ಪೆಡಲನ್ನು ಎರಡು ಮೂರು ಸಲ ಒತ್ತಿ ಪೂರ್ತಿ ಬಿಡಲಿ. ಚಕ್ರ ಮತ್ತೆ ತಿರುಗಿಸಿ. ಬಿಗಿಯಾಗಿಯೇ ಉಳಿದಿದೆ ಎಂದಿಟ್ಟುಕೊಳ್ಳಿ. ನಿಪ್ಪಲಿಗೆ ಸಣ್ಣ ಪಾರದರ್ಶಕ ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಗಿಟ್ಟು, ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ತಕ್ಷಣ ಹಗುರಾಯಿತೇ? ಹಾಗಾದರೆ ಕ್ಯಾಲಿಪರ್ ನಿರಪರಾಧಿ, ಒತ್ತಡ ಹಿಂದೆಲ್ಲೋ ಸಿಕ್ಕಿಕೊಂಡಿತ್ತು. ಎರಡು ಹನಿ ಜಿನುಗಿ ಚಕ್ರ ಬಿಗಿಯಾಗಿಯೇ ಉಳಿಯಿತೇ? ಹಾಗಾದರೆ ಒತ್ತಡ ಇಲ್ಲದೆಯೂ ಹಿಡಿದುಕೊಂಡಿದೆ ಎಂದಾಯಿತು: ಪಿಸ್ಟನ್ ಅಥವಾ ಪಿನ್.

ಒತ್ತಡ ಸಿಕ್ಕಿಕೊಂಡಿತ್ತು ಎಂದು ತಿಳಿದರೆ ಎರಡನೇ ಹೆಜ್ಜೆ. ನಿಪ್ಪಲ್ ಬಿಗಿದು, ಪೆಡಲ್ ಒತ್ತಿ ಚಕ್ರವನ್ನು ಮತ್ತೆ ಕಚ್ಚುವಂತೆ ಮಾಡಿ. ಈ ಸಲ ಸಡಿಲಿಸಬೇಕಾದದ್ದು ಮಾಸ್ಟರ್ ಸಿಲಿಂಡರಿನಿಂದ ಆ ಜೋಡಿಗೆ ಹೊರಡುವ ಪೈಪಿನ ನಟ್ಟನ್ನು, ಸುತ್ತ ಬಟ್ಟೆ ಹಿಡಿದು. ಅಲ್ಲಿ ಸಡಿಲಿಸಿದಾಗ ಚಕ್ರ ಬಿಟ್ಟುಕೊಂಡರೆ ತಪ್ಪು ಮಾಸ್ಟರ್ ಸಿಲಿಂಡರಿನದು, ಇಲ್ಲವೇ ಪೆಡಲಿನಿಂದ ಅದಕ್ಕೆ ಬರುವ ಕಡ್ಡಿಗೆ ಇರಬೇಕಾದ ಕೊಂಚ ಸಡಿಲ ಇಲ್ಲದ್ದು. ಅಲ್ಲಿ ಸಡಿಲಿಸಿಯೂ ಚಕ್ರ ಬಿಡದೆ, ನಿಪ್ಪಲ್ ಸಡಿಲಿಸಿದಾಗ ಮಾತ್ರ ಬಿಟ್ಟರೆ, ಅಪರಾಧಿ ನಡುವಿನ ರಬ್ಬರ್ ಹೋಸ್. ಹೋಸಿನ ಬೆಲೆ ಕ್ಯಾಲಿಪರಿನ ಬೆಲೆಯ ಒಂದು ಸಣ್ಣ ಪಾಲು. ಹನ್ನೊಂದು ವರ್ಷದ ಗಾಡಿಯಲ್ಲಿ ಒಂದು ಹೋಸ್ ಕೆಟ್ಟಿದೆಯೆಂದರೆ ಉಳಿದವುಗಳ ವಯಸ್ಸೂ ಅಷ್ಟೇ. ಮುಂದಿನ ಎರಡನ್ನೂ, ಸಾಧ್ಯವಾದರೆ ಹಿಂದಿನವನ್ನೂ ಒಟ್ಟಿಗೆ ಬದಲಿಸಿ. ಈ ಪರೀಕ್ಷೆ ಅರ್ಧ ಗಂಟೆಯ ಕೆಲಸ. ಇದನ್ನು ಮಾಡದೆ ಬಿಡಿಭಾಗದ ಪಟ್ಟಿ ಬರೆಯುವ ಗ್ಯಾರೇಜಿಗೆ, ಅದು ಎಷ್ಟೇ ದೊಡ್ಡದಿರಲಿ, ನಾನಾದರೆ ಗಾಡಿ ಕೊಡುವುದಿಲ್ಲ.

ಪಿಸ್ಟನ್ ಅಥವಾ ಪಿನ್ ಎಂದು ತೇಲಿದರೆ ಕ್ಯಾಲಿಪರ್ ಬಿಚ್ಚಿ. ಮೊದಲು ಎರಡು ಪಿನ್‌ಗಳನ್ನು ಕೈಯಿಂದ ಎಳೆದು ನೋಡಿ. ಬೆರಳ ಬಲಕ್ಕೆ ಜಾರಬೇಕು. ಒಂದು ಜಾರಿ ಇನ್ನೊಂದು ಕಚ್ಚಿಕೊಂಡಿದ್ದರೆ ಪ್ಯಾಡುಗಳು ಓರೆಯಾಗಿ, ಒಂದು ತುದಿ ದಪ್ಪ ಇನ್ನೊಂದು ತುದಿ ತೆಳುವಾಗಿ ಸವೆದಿರುತ್ತವೆ. ಪಿನ್ ತೆಗೆದು ತುಕ್ಕು ಉಜ್ಜಿ, ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಸವರಿ. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ಅಲ್ಲಿನ ರಬ್ಬರನ್ನು ಉಬ್ಬಿಸುತ್ತದೆ, ಆರು ತಿಂಗಳಿಗೆ ಪಿನ್ ಮತ್ತೆ ಕಚ್ಚುತ್ತದೆ. ಪಿನ್ ಸರಿಯಿದ್ದರೆ ಪಿಸ್ಟನ್. ನಿಪ್ಪಲ್ ತೆರೆದಿಟ್ಟು ಕ್ಲಾಂಪಿನಿಂದ ನಿಧಾನವಾಗಿ ಒಳಗೆ ತಳ್ಳಿ. ಒಂದೇ ಸಮ ಬಲಕ್ಕೆ ಜಾರಿ ಹೋಗಬೇಕು, ತಡೆತಡೆದು ಹೋಗಬಾರದು. ನಿಪ್ಪಲ್ ತೆರೆದಿಡುವುದು ಏಕೆಂದರೆ ಪಿಸ್ಟನ್ ಹಿಂದೆ ವರ್ಷಗಳಿಂದ ಕುಳಿತ ಕೊಳೆ ಮಾಸ್ಟರ್ ಸಿಲಿಂಡರಿನ ಕಡೆಗೆ ಹಿಂದೆ ಹೋಗಬಾರದು. ಎಬಿಎಸ್ ಇರುವ ಗಾಡಿಗಳಲ್ಲಂತೂ ಈ ಎಚ್ಚರ ತಪ್ಪಲೇಬಾರದು, ಅದರ ಸಣ್ಣ ವಾಲ್ವುಗಳಿಗೆ ಕೊಳೆ ಹೊಕ್ಕರೆ ದುಬಾರಿ.

ಪಿಸ್ಟನ್ ಹೊರತೆಗೆದಾಗ ಅದರ ಮೈಯನ್ನು ಬೆಳಕಿಗೆ ಹಿಡಿದು ನೋಡಿ. ಒಳಭಾಗ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಧೂಳು ತಡೆಯುವ ರಬ್ಬರಿನ ಹತ್ತಿರ, ಬಾಯಿಯ ಕಡೆಗೆ, ಕಂದು ಚುಕ್ಕೆಗಳ ಉಂಗುರ ಕಾಣಬಹುದು. ಉಗುರು ಹಾಯಿಸಿ. ಉಗುರಿಗೆ ತಡೆ ಸಿಗದಿದ್ದರೆ ಅದು ಕಲೆ ಮಾತ್ರ, ಒರೆಸಿದರೆ ಹೋಗುತ್ತದೆ. ತಡೆ ಸಿಕ್ಕರೆ ಕ್ರೋಮ್ ಲೇಪ ಒಡೆದು ಕುಳಿ ಬಿದ್ದಿದೆ ಎಂದರ್ಥ. ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಕ್ಯಾಲಿಪರಿನಲ್ಲಿ ಸ್ಪ್ರಿಂಗ್ ಇಲ್ಲ. ಒತ್ತಿದಾಗ ಪಿಸ್ಟನ್ ಜೊತೆಗೆ ತುಸು ತಿರುಚಿಕೊಂಡು, ಬಿಟ್ಟಾಗ ತನ್ನ ಆಕಾರಕ್ಕೆ ಮರಳುವ ಒಂದು ರಬ್ಬರ್ ಸೀಲ್ ಅದನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಸೀಲ್ ಸರಿಯುವ ಜಾಗದಲ್ಲಿ ಕುಳಿ ಬಿದ್ದ ಪಿಸ್ಟನ್ನಿಗೆ ಹೊಸ ಸೀಲ್ ಕಿಟ್ ಹಾಕುವುದು ದುಡ್ಡು ನೀರಿಗೆ ಹಾಕಿದಂತೆ. ಹೊಸ ಪಿಸ್ಟನ್ ಸಿಗುವುದಾದರೆ ಅದನ್ನು, ಇಲ್ಲವಾದರೆ ಇಡೀ ಕ್ಯಾಲಿಪರನ್ನು ಹಾಕಿಸಿ. ಬಲಗಡೆಯದನ್ನು.

ಪೆಡಲಿನ ಮಾತಿಗೆ ಬರೋಣ. ಮೊದಲ ಒತ್ತಿಗೆ ತಳ, ಎರಡನೆಯದಕ್ಕೆ ಮೇಲೆ: ಇದು ಮಾಸ್ಟರ್ ಸಿಲಿಂಡರ್ ಸೋತ ಲಕ್ಷಣವಲ್ಲ. ಸೋತ ಮಾಸ್ಟರ್ ಸಿಲಿಂಡರಿನಲ್ಲಿ ಪೆಡಲನ್ನು ಒಂದೇ ಸಮನೆ ಒತ್ತಿ ಹಿಡಿದರೆ ಅದು ನಿಧಾನವಾಗಿ ಕೆಳಗಿಳಿಯುತ್ತಾ ಹೋಗುತ್ತದೆ, ಹೊರಗೆಲ್ಲೂ ಸೋರಿಕೆ ಕಾಣುವುದಿಲ್ಲ. ಪೈಪಿನಲ್ಲಿ ಗಾಳಿ ಸೇರಿದ್ದರೆ ಎಷ್ಟು ಸಲ ಒತ್ತಿದರೂ ಪೆಡಲಿನಡಿ ಸ್ಪಂಜಿನಂಥ ಮೆತ್ತನೆಯ ಭಾವ ಉಳಿಯುತ್ತದೆ. ನಿಮ್ಮದರಲ್ಲಿ ಎರಡನೇ ಒತ್ತಿಗೆ ಪೆಡಲ್ ಮೇಲೆಯೂ ನಿಲ್ಲುತ್ತದೆ, ಗಟ್ಟಿಯಾಗಿಯೂ ಇರುತ್ತದೆ ಎಂದಾದರೆ ಯಾವುದೋ ಚಕ್ರದಲ್ಲಿ ಅಂತರ ಹೆಚ್ಚಾಗಿದೆ. ಮೊದಲ ಒತ್ತಿನ ಆಯಿಲೆಲ್ಲ ಆ ಅಂತರ ತುಂಬಲು ಖರ್ಚಾಗುತ್ತದೆ, ಎರಡನೆಯದಕ್ಕೆ ಹಿಡಿತ ಸಿಗುತ್ತದೆ. ಅಂತರ ಹೆಚ್ಚಾಗುವುದು ಸಾಮಾನ್ಯವಾಗಿ ಹಿಂದಿನ ಡ್ರಮ್ಮಿನಲ್ಲಿ. ಶೂಗಳನ್ನು ತಾನಾಗಿಯೇ ಸರಿಹೊಂದಿಸುವ ಅಡ್ಜಸ್ಟರ್ ತುಕ್ಕು ಹಿಡಿದು ನಿಂತಿರಬಹುದು, ಇಲ್ಲವೇ ಮೊದಲೇ ಹೇಳಿದಂತೆ ಲೈನಿಂಗ್ ಶೂವಿನಿಂದ ಕಿತ್ತು ಬಂದಿರಬಹುದು.

ಇದನ್ನು ಕುಳಿತಲ್ಲೇ ಪರೀಕ್ಷಿಸಬಹುದು. ಹ್ಯಾಂಡ್ ಬ್ರೇಕ್ ಪೂರ್ತಿ ಬಿಟ್ಟು ಪೆಡಲ್ ಒಮ್ಮೆ ಒತ್ತಿ, ಎಲ್ಲಿಯವರೆಗೆ ಹೋಯಿತು ಗಮನಿಸಿ. ಕಾಲು ತೆಗೆದು ಒಂದು ನಿಮಿಷ ಬಿಟ್ಟು, ಹ್ಯಾಂಡ್ ಬ್ರೇಕ್ ಎಳೆದು ಮತ್ತೆ ಒಮ್ಮೆ ಒತ್ತಿ. ಈ ಸಲ ಮೊದಲ ಒತ್ತಿಗೇ ಪೆಡಲ್ ಎತ್ತರದಲ್ಲಿ ಹಿಡಿದರೆ ಹಿಂದಿನ ಶೂಗಳ ಅಂತರವೇ ಕಾರಣ. ಹ್ಯಾಂಡ್ ಬ್ರೇಕ್ ಕೇಬಲ್ ಶೂಗಳನ್ನು ಮೊದಲೇ ಡ್ರಮ್ಮಿನ ಹತ್ತಿರ ತಂದಿಟ್ಟಿದ್ದರಿಂದ ಆಯಿಲಿಗೆ ತುಂಬಬೇಕಾದ ಅಂತರ ಉಳಿಯಲಿಲ್ಲ. ಪರೀಕ್ಷೆಗೆಂದು ಪೆಡಲ್ ಒತ್ತುವಾಗ ಕಾಲನ್ನು ಧಡಕ್ಕನೆ ತಳದವರೆಗೆ ತುಳಿಯಬೇಡಿ. ದಿನನಿತ್ಯದ ಓಡಾಟದಲ್ಲಿ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ಪುಗಳು ಒಂದು ಮಿತಿಯೊಳಗೆ ಮಾತ್ರ ಓಡಾಡುತ್ತವೆ. ಅದರಾಚೆಯ ಲೋಹದ ಮೈಯಲ್ಲಿ ತುಕ್ಕೂ ಗಸಿಯೂ ಕುಳಿತಿರುತ್ತವೆ. ತಳದವರೆಗೆ ತುಳಿದಾಗ ಕಪ್ಪಿನ ಅಂಚು ಆ ಒರಟಿಗೆ ಉಜ್ಜಿ ಹರಿಯುತ್ತದೆ. ಏರ್ ತೆಗೆಯಲು ಬಿಟ್ಟ ಹಳೆಯ ಗಾಡಿಗಳಲ್ಲಿ ಮಾರನೆಯ ದಿನವೇ ಮಾಸ್ಟರ್ ಸಿಲಿಂಡರ್ ಹೋಗುವುದು ಬಹುಮಟ್ಟಿಗೆ ಹೀಗೆಯೇ. ಪೆಡಲಿನಡಿ ಒಂದು ಮರದ ತುಂಡು ಇಟ್ಟುಕೊಂಡು ಕೆಲಸ ಮಾಡುವ ಮೆಕ್ಯಾನಿಕ್ ಸಿಕ್ಕರೆ ಅವರು ಕೆಲಸ ಬಲ್ಲವರು ಎಂದು ತಿಳಿಯಿರಿ.

ಡ್ರಮ್ ತೆಗೆಯುವಾಗ ಅದು ಬರದಿದ್ದರೆ ಸುತ್ತಿಗೆಯಿಂದ ಅಂಚಿಗೆ ಹೊಡೆಯಬೇಡಿ, ಎರಕದ ಕಬ್ಬಿಣ ಬಿರಿಯುತ್ತದೆ. ಕೆಲವು ಡ್ರಮ್‌ಗಳ ಮುಖದಲ್ಲಿ ಮರೆ (ಥ್ರೆಡ್) ಇರುವ ಎರಡು ತೂತುಗಳಿರುತ್ತವೆ. ಅವಕ್ಕೆ ಬೋಲ್ಟ್ ಹಾಕಿ ಎರಡನ್ನೂ ಸರದಿಯಂತೆ ತಿರುಗಿಸಿದರೆ ಡ್ರಮ್ ತಾನಾಗಿ ಹೊರಬರುತ್ತದೆ. ಹಬ್ ಮತ್ತು ಡ್ರಮ್ ಒಂದೇ ಆಗಿರುವ ಕಾರುಗಳೂ ಇವೆ, ಅವುಗಳಲ್ಲಿ ನಡುವಿನ ನಟ್ ತೆಗೆಯಬೇಕು. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸುವುದು ನಮ್ಮಲ್ಲಿ ಎಲ್ಲೆಡೆ ಕಾಣುವ ಅಭ್ಯಾಸ. ದಯವಿಟ್ಟು ಬಿಡಿಸಿ. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ, ಅದು ಶ್ವಾಸಕೋಶಕ್ಕೆ ಹೊಕ್ಕರೆ ಹೊರಬರುವುದಿಲ್ಲ. ಬ್ರೇಕ್ ಕ್ಲೀನರಿನಿಂದ ತೋಯಿಸಿ ಬಟ್ಟೆಯಲ್ಲಿ ಒರೆಸಲಿ. ನಂತರ ಆಯಿಲಿನ ಒತ್ತಡದಿಂದ ಶೂಗಳನ್ನು ಅಗಲಿಸುವ ವೀಲ್ ಸಿಲಿಂಡರಿನ ಎರಡೂ ತುದಿಯ ರಬ್ಬರ್ ಟೊಪ್ಪಿಗೆಗಳನ್ನು ತುಸು ಎತ್ತಿ ನೋಡಿ. ಒಳಗೆ ಒಣಗಿದ್ದರೆ ಸರಿ, ಒದ್ದೆಯಿದ್ದರೆ ಸೋರುತ್ತಿದೆ. ಆಯಿಲ್ ಕುಡಿದ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದು ಬೇಡ, ಎರಡೂ ಕಡೆ ಹೊಸದನ್ನೇ ಹಾಕಿಸಿ. ಹ್ಯಾಂಡ್ ಬ್ರೇಕ್ ಕೇಬಲನ್ನು ಯಾರಾದರೂ ಒಳಗಿನಿಂದ ಎಳೆದು ಬಿಡಲಿ. ಬಿಟ್ಟಾಗ ಡ್ರಮ್ಮಿನೊಳಗಿನ ಸನ್ನೆ ಪೂರ್ತಿ ಹಿಂದೆ ಹೋಗದಿದ್ದರೆ ಕೇಬಲ್ ತುಕ್ಕು ಹಿಡಿದಿದೆ, ಅದನ್ನು ಎಣ್ಣೆ ಹಾಕಿ ಉಳಿಸುವ ಪ್ರಯತ್ನ ಬಾಳುವುದಿಲ್ಲ.

ಡಬ್ಬಿ ತುಂಬಿದೆ ಎಂದು ಬರೆದಿದ್ದೀರಿ. ಅದರಿಂದ ತಿಳಿಯುವುದು ದೊಡ್ಡ ಸೋರಿಕೆ ಇಲ್ಲ ಎಂಬುದು ಮಾತ್ರ. ನಮ್ಮ ಕಾರುಗಳಿಗೆ ಹಾಕುವ ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಹೆಸರಿಗೆ ಆಯಿಲ್, ಗುಣದಲ್ಲಿ ಎಣ್ಣೆಯಲ್ಲ. ಅದು ನೀರನ್ನು ಹೀರುತ್ತದೆ, ಗಾಡಿ ಓಡಿದರೂ ನಿಂತರೂ. ಡಬ್ಬಿಯ ಮುಚ್ಚಳದ ಉಸಿರಾಟದ ರಂಧ್ರದಿಂದ, ಹೋಸಿನ ರಬ್ಬರಿನ ಮೂಲಕ ಗಾಳಿಯ ತೇವ ಒಳಬರುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಶೇ 3.7ರಷ್ಟು ನೀರು ಸೇರಿದ ಸ್ಥಿತಿಗೆ ಅದೇ ಮಾನದಂಡದ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಇವು 230 ಮತ್ತು 155. ಊರೊಳಗೆ ಓಡಾಡುವಾಗ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ತೀರ್ಥಹಳ್ಳಿಯಿಂದ ಮರಳುವಾಗ ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಬ್ರೇಕ್ ಹಿಡಿದೇ ಇಳಿದರೆ ಗೊತ್ತಾಗುತ್ತದೆ: ಕ್ಯಾಲಿಪರಿನಲ್ಲಿ ಆಯಿಲಿನೊಳಗಿನ ನೀರು ಆವಿಯಾಗುತ್ತದೆ, ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ತಳಕ್ಕೆ ಹೋಗುತ್ತದೆ, ಚಕ್ರದವರೆಗೆ ಬಲ ಮುಟ್ಟುವುದೇ ಇಲ್ಲ. ಒಂದು ಚಕ್ರ ಆಗಲೇ ಉಜ್ಜಿಕೊಂಡು ಬಿಸಿಯಾಗುತ್ತಿರುವ ಗಾಡಿಯಲ್ಲಿ ಇದು ಇನ್ನೂ ಬೇಗ ಬರುತ್ತದೆ. ಪಿಸ್ಟನ್ ಮತ್ತು ಸಿಲಿಂಡರುಗಳ ಒಳಮೈ ತುಕ್ಕು ಹಿಡಿಯುವುದಕ್ಕೂ ಇದೇ ನೀರು ಕಾರಣ. ಆದ್ದರಿಂದ ಪರೀಕ್ಷೆಗಳ ಫಲಿತಾಂಶ ಏನೇ ಬರಲಿ, ಆಯಿಲನ್ನು ನಾಲ್ಕೂ ಚಕ್ರಗಳಿಂದ ಪೂರ್ತಿ ಬದಲಿಸಬೇಕು.

ಬದಲಿಸುವ ಮುನ್ನ ಒಂದು ಸಣ್ಣ ಪರೀಕ್ಷೆ ಮಾಡಿ. ಡಬ್ಬಿಯಿಂದ ಕೆಲವು ಹನಿ ತೆಗೆದು, ಎಸೆಯಬಹುದಾದ ಲೋಟದ ನೀರಿಗೆ ಹಾಕಿ. ಸರಿಯಾದ ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತದೆ. ಮೇಲೆ ಬಣ್ಣದ ಪದರವಾಗಿ ತೇಲಿದರೆ ನೀವಿಲ್ಲದಾಗ ಯಾರೋ ಒಳ್ಳೆಯ ಮನಸ್ಸಿನಿಂದಲೇ ಇಂಜಿನ್ ಆಯಿಲ್ ಅಥವಾ ಪವರ್ ಸ್ಟೀರಿಂಗ್ ಆಯಿಲ್ ಸುರಿದಿದ್ದಾರೆ. ಹಾಗಿದ್ದರೆ ಲೆಕ್ಕವೇ ಬೇರೆ. ಬ್ರೇಕಿನ ರಬ್ಬರೆಲ್ಲ ಆ ಎಣ್ಣೆಗೆ ಉಬ್ಬಿ ಹಾಳಾಗಿರುತ್ತದೆ, ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಹೋಸ್, ಸೀಲುಗಳವರೆಗೆ ಎಲ್ಲವನ್ನೂ ಬದಲಿಸದೆ ವಿಧಿಯಿಲ್ಲ. ನಿಮ್ಮ ಗಾಡಿಯಲ್ಲಿ ಹಾಗಾಗಿರಲಿಕ್ಕಿಲ್ಲ, ಎಡಚಕ್ರ ಚೆನ್ನಾಗಿ ಕೆಲಸ ಮಾಡುತ್ತಿದೆ. ಆದರೂ ನೋಡಿಬಿಡಿ, ಖರ್ಚೇನೂ ಇಲ್ಲ.

ಹೊಸ ಆಯಿಲ್ ಯಾವುದೆಂದು ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ. ಸೀಲ್ ಒಡೆಯದ ಬಾಟಲಿಯನ್ನೇ ಕೊಳ್ಳಿ. ಗ್ಯಾರೇಜಿನ ಕಪಾಟಿನಲ್ಲಿ ಅರ್ಧ ಉಳಿದದ್ದು ಆಗಲೇ ನೀರು ಕುಡಿದಿರುತ್ತದೆ. ಡಾಟ್ 5 ಎಂಬ ಸಿಲಿಕೋನ್ ಆಯಿಲ್ ಬೇರೆಯೇ ಜಾತಿ, ಅದನ್ನು ಇವುಗಳೊಂದಿಗೆ ಬೆರೆಸಬಾರದು. ಯಾವ ಚಕ್ರದಿಂದ ಆರಂಭಿಸಬೇಕೆಂಬುದು ಆಯಾ ಗಾಡಿಯ ಕೈಪಿಡಿಯಂತೆ. ನಳಿಕೆಯಲ್ಲಿ ಬರುವ ಆಯಿಲ್ ಕಾಫಿ ಬಣ್ಣದಿಂದ ತಿಳಿ ಹಳದಿಗೆ ತಿರುಗಿ, ಗುಳ್ಳೆಗಳು ನಿಲ್ಲುವವರೆಗೆ ಬಿಡಲಿ. ನಡುವೆ ಡಬ್ಬಿ ಬರಿದಾಗದಂತೆ ಒಬ್ಬರು ನೋಡಿಕೊಳ್ಳಬೇಕು. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಸುರಿಯಿರಿ, ಇಲ್ಲದಿದ್ದರೆ ಪೇಂಟ್ ಏಳುತ್ತದೆ. ಹಳೆಯದನ್ನು ಬಾವಿಯ ಹತ್ತಿರ, ತೋಟದ ಬುಡಕ್ಕೆ ಚೆಲ್ಲಬೇಡಿ. ಅದು ವಿಷ.

ಉಳಿದವು ಬೇಗ ಮುಗಿಯುವ ತಪಾಸಣೆಗಳು. ಡಿಸ್ಕಿನ ಮೇಲಿನ ತೆಳು ಕೆಂಪು ತುಕ್ಕಿಗೆ ಹೆದರಬೇಡಿ, ಹತ್ತಾರು ಸಲ ಹಗುರವಾಗಿ ಬ್ರೇಕ್ ಹಾಕಿದರೆ ಅಳಿಸಿಹೋಗುತ್ತದೆ. ಪ್ಯಾಡ್ ನಿಂತಿದ್ದ ಜಾಗದಲ್ಲಿ ಅದರ ಅಚ್ಚು ಕುಳಿಬಿದ್ದು ಮೂಡಿದ್ದರೆ ಬ್ರೇಕ್ ಹಾಕಿದಾಗ ಪೆಡಲ್ ಮಿಡಿಯುತ್ತದೆ. ಡಿಸ್ಕಿನ ಕನಿಷ್ಠ ದಪ್ಪ ಎಷ್ಟೆಂದು ಸಾಮಾನ್ಯವಾಗಿ ಅದರ ಮೇಲೆಯೇ ಕೊರೆದಿರುತ್ತದೆ, ಅದಕ್ಕಿಂತ ತೆಳುವಾಗದಂತೆ ಲೇತಿನಲ್ಲಿ ಕಡೆಯಲು ಬಂದರೆ ಕಡೆಸಿ, ಇಲ್ಲವಾದರೆ ಎರಡೂ ಕಡೆ ಬದಲಿಸಿ. ಪ್ಯಾಡುಗಳನ್ನು ಪಕ್ಕದಿಂದ ನೋಡಿ: ತಗಡಿಗೂ ಪ್ಯಾಡಿಗೂ ನಡುವೆ ತುಕ್ಕು ಹೊಕ್ಕು ಬಿರುಕು ತೆರೆದಿದ್ದರೆ ಎಷ್ಟೇ ದಪ್ಪ ಉಳಿದಿದ್ದರೂ ಎಸೆಯಿರಿ. ಗಾಡಿಯಡಿಯ ಉಕ್ಕಿನ ಪೈಪುಗಳನ್ನು ಕ್ಲಿಪ್ ಹಿಡಿದಿರುವ ಕಡೆಗಳಲ್ಲಿ ಮುಖ್ಯವಾಗಿ ನೋಡಿ, ಉಪ್ಪು ನೀರು ನಿಲ್ಲುವುದು ಅಲ್ಲಿ. ಪದರ ಪದರವಾಗಿ ಏಳುತ್ತಿದ್ದರೆ ಹೊಸ ಪೈಪ್, ವೆಲ್ಡಿಂಗ್ ಕೂಡದು. ಕಾಲಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರಿನ ಪರೀಕ್ಷೆ ಸುಲಭ: ಇಂಜಿನ್ ನಿಲ್ಲಿಸಿ ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದೇ ಇಂಜಿನ್ ಶುರು ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಸರಿಯಿದೆ. ಇಳಿಯದಿದ್ದರೆ ಇಂಜಿನ್ನಿನಿಂದ ಬರುವ ನಿರ್ವಾತದ ಹೋಸನ್ನು ಇಲಿ ಕಡಿದಿದೆಯೇ ಮೊದಲು ನೋಡಿ.

ಗ್ಯಾರೇಜಿನವರಿಗೆ ನೀವು ಹೇಳಬೇಕಾದದ್ದು ಇಷ್ಟು: ಹಿಂದಿನ ಎರಡೂ ಡ್ರಮ್ ತೆಗೆದು ತೋರಿಸಿ, ಬಲ ಮುಂಚಕ್ರದ ನಿಪ್ಪಲ್ ಪರೀಕ್ಷೆಯನ್ನು ನನ್ನ ಎದುರಿಗೆ ಮಾಡಿ, ಆಮೇಲೆ ಬಿಡಿಭಾಗದ ಮಾತು. ನನ್ನ ಅಂದಾಜಿನಲ್ಲಿ ನಿಮಗೆ ಬೇಕಾಗುವುದು ಹಿಂದಿನ ಶೂಗಳು, ಪ್ರಾಯಶಃ ಹ್ಯಾಂಡ್ ಬ್ರೇಕ್ ಕೇಬಲ್, ಬಲಗಡೆಯ ಕ್ಯಾಲಿಪರಿನ ದುರಸ್ತಿ ಅಥವಾ ಹೋಸ್, ಮುಂದಿನ ಪ್ಯಾಡುಗಳ ಹೊಸ ಜೊತೆ, ಹೊಸ ಆಯಿಲ್. ಮಾಸ್ಟರ್ ಸಿಲಿಂಡರ್ ಮೇಲಿನ ಪರೀಕ್ಷೆಗಳಲ್ಲಿ ಸೋತರೆ ಮಾತ್ರ.

ಕೆಲಸ ಮುಗಿದ ಮೇಲೆ ಇಂಜಿನ್ ಓಡುತ್ತಿರುವಾಗ ಪೆಡಲನ್ನು ಅರ್ಧ ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ಕೆಳಗಿಳಿಯಬಾರದು, ನಾಲ್ಕೂ ಚಕ್ರಗಳ ಒಳಭಾಗದಲ್ಲಿ ತೇವ ಕಾಣಬಾರದು. ಅನಂತರ ಅಂಗಳದಲ್ಲಿ ನಡಿಗೆಯ ವೇಗದಲ್ಲಿ, ಅಲ್ಲಿಂದ ಖಾಲಿ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ನಿಲ್ಲಿಸಿ ನೋಡಿ. ಹತ್ತು ಕಿಲೋಮೀಟರ್ ಓಡಿಸಿ, ಕೊನೆಗೆ ಬ್ರೇಕ್ ಬಳಸದೆ ತಾನಾಗಿ ನಿಲ್ಲುವಂತೆ ಮಾಡಿ, ಎರಡೂ ಮುಂಚಕ್ರಗಳ ರಿಮ್ಮಿನ ಹತ್ತಿರ ಅಂಗೈಯ ಹಿಂಬದಿ ಹಿಡಿಯಿರಿ, ಮುಟ್ಟಬೇಡಿ. ಎರಡರ ಬಿಸಿಯೂ ಒಂದೇ ಮಟ್ಟದಲ್ಲಿರಬೇಕು. ಹೀಗೆ ನಾಲ್ಕೈದು ದಿನ ಊರಲ್ಲೇ ಓಡಾಡಿ ಎಲ್ಲ ಸರಿಯಿದ್ದರೆ ಆಗುಂಬೆಗೆ ಹೊರಡಿ, ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಯಿರಿ. ಹತ್ತು ದಿನದೊಳಗೆ ಇದೆಲ್ಲ ಮುಗಿಯದಿದ್ದರೆ ತೀರ್ಥಹಳ್ಳಿಗೆ ಬಾಡಿಗೆ ಕಾರು ಮಾಡಿ. ಮನೆಯವರನ್ನು ಕೂರಿಸಿಕೊಂಡು ಘಾಟಿಯಲ್ಲಿ ಬ್ರೇಕ್ ಪರೀಕ್ಷೆ ಮಾಡುವುದು ಬೇಡವೇ ಬೇಡ.

ಮತ್ತೆ ಮಸ್ಕತ್‌ಗೆ ಹೊರಡುವಾಗ ಗಾಡಿಯನ್ನು ತೊಳೆಸಿದ ದಿನವೇ ಶೆಡ್ಡಿಗೆ ಹಾಕಬೇಡಿ. ಇಪ್ಪತ್ತು ನಿಮಿಷ ಓಡಿಸಿ, ಡ್ರಮ್ ಡಿಸ್ಕುಗಳು ಒಣಗಿದ ಮೇಲೆ ನಿಲ್ಲಿಸಿ. ಮೊದಲ ಗೇರಿನಲ್ಲಿಡಿ, ಚಕ್ರಗಳಿಗೆ ಕಟ್ಟಿಗೆಯ ತುಂಡು ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಎಳೆದಿಲ್ಲ ಎಂದು ಸ್ಟೀರಿಂಗಿಗೆ ಒಂದು ಚೀಟಿ ಕಟ್ಟಿ. ಪಕ್ಕದ ಮನೆಯ ಆ ಡ್ರೈವರಿಗೆ ಎರಡು ವಾರಕ್ಕೊಮ್ಮೆ ಗಾಡಿಯನ್ನು ಐದಾರು ಕಿಲೋಮೀಟರ್ ಓಡಿಸಲು ಒಪ್ಪಿಸಿ. ನಿಂತಲ್ಲೇ ಇಂಜಿನ್ ಚಾಲೂ ಮಾಡಿ ಆರಿಸಿದರೆ ಬ್ರೇಕಿಗೆ ಏನೂ ಪ್ರಯೋಜನವಿಲ್ಲ, ಚಕ್ರ ಉರುಳಬೇಕು, ಪೆಡಲ್ ಒತ್ತಬೇಕು. ಆಯಿಲ್ ಬದಲಿಸಿದ ತಾರೀಖನ್ನು ಬಾನೆಟ್ ಒಳಗೆ ಬರೆದಿಡಿ. ಕರಾವಳಿಯಲ್ಲಿ ಅದಕ್ಕೆ ಎರಡು ವರ್ಷಕ್ಕಿಂತ ಹೆಚ್ಚು ಆಯುಸ್ಸು ಕೊಡಬೇಡಿ, ಮೀಟರಿನಲ್ಲಿ ಕಿಲೋಮೀಟರ್ ಎಷ್ಟೇ ಕಡಿಮೆ ಇರಲಿ.